ಗಾಂಜಾ ಮತ್ತು ನಿಲ್ಲದ ವಾಂತಿ: ಮನೆಯವರು ಗುರುತಿಸಬೇಕಾದ ಒಂದು ಕಾಯಿಲೆ

ದಿನಕ್ಕೆ ಹತ್ತಿಪ್ಪತ್ತು ಬಾರಿ ವಾಂತಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಹಿಂಡುವ ನೋವು, ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದ ಸ್ಥಿತಿ. ಎರಡು ಮೂರು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದ ಯುವಕ ಒಂದೆರಡು ತಿಂಗಳು ಚೆನ್ನಾಗಿಯೇ ಇರುತ್ತಾನೆ. ಆಮೇಲೆ ಮತ್ತೆ ಅದೇ ವಾಂತಿ, ಮತ್ತೆ ಅದೇ ಆಸ್ಪತ್ರೆ. ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲವನ್ನೂ ಮಾಡಿಸಿದರೂ ಕಾರಣ ಸಿಗುವುದಿಲ್ಲ. ಇಷ್ಟರ ನಡುವೆ ಮನೆಯವರ ಕಣ್ಣಿಗೆ ಬಿದ್ದರೂ ವೈದ್ಯರ ಕಿವಿಗೆ ಬೀಳದ ಒಂದು ಸಂಗತಿ ಇರುತ್ತದೆ. ವಾಂತಿ ಶುರುವಾದಾಗಲೆಲ್ಲ ಆತ ಬಚ್ಚಲುಮನೆಗೆ ಹೋಗಿ ಗಂಟೆಗಟ್ಟಲೆ ಸುಡುಸುಡು ನೀರಿನ ಕೆಳಗೆ ನಿಂತುಬಿಡುತ್ತಾನೆ.

ಈ ಚಿತ್ರ ಕಂಡರೆ ಅನುಭವಿ ವೈದ್ಯರು ಕೇಳುವ ಮೊದಲ ಪ್ರಶ್ನೆ ಗಾಂಜಾ ಬಗ್ಗೆ. ದೀರ್ಘಕಾಲ, ಪದೇ ಪದೇ ಗಾಂಜಾ ಸೇವಿಸುವವರಲ್ಲಿ ಕೆಲವರಿಗೆ ಬರುವ ಈ ಕಾಯಿಲೆಗೆ ಕ್ಯಾನಬಿನಾಯ್ಡ್ ಹೈಪರೆಮೆಸಿಸ್ ಸಿಂಡ್ರೋಮ್ ಎಂದು ಹೆಸರು. ಕನ್ನಡದಲ್ಲಿ ಗಾಂಜಾ ಅತಿವಾಂತಿ ಎನ್ನಬಹುದು. ಜೈನ ಮನೆಗಳಲ್ಲಿ ಇಂತಹ ವಿಷಯಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ಆದರೆ ಮೂಡುಬಿದಿರೆ, ಬೆಳಗಾವಿ, ಹುಬ್ಬಳ್ಳಿಯ ಮನೆಗಳಿಂದ ಮಕ್ಕಳು ಹದಿನೆಂಟಕ್ಕೇ ಬೆಂಗಳೂರಿನ ಹಾಸ್ಟೆಲ್ಲಿಗೆ, ಪಿಜಿಗೆ, ಅಲ್ಲಿಂದ ಅಮೆರಿಕಕ್ಕೆ, ಕೆನಡಾಕ್ಕೆ ಹೋಗುತ್ತಿದ್ದಾರೆ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರಿಗೆ ಗಾಂಜಾ ಮಾರಾಟ ಕಾನೂನುಬದ್ಧ. ಮನೆಯ ಸಂಸ್ಕಾರ ಎಷ್ಟೇ ಗಟ್ಟಿಯಾಗಿದ್ದರೂ ಅಲ್ಲಿ ಬೀದಿಯ ಅಂಗಡಿಯಲ್ಲೇ ಅದು ಸಿಗುತ್ತದೆ. ಇನ್ನೊಂದು ಮಾತೂ ಇದೆ: ವಿಷಯ ಹೊರಬರದಂತೆ ಗುಟ್ಟು ಮಾಡುವ ಒತ್ತಡ ಹೆಚ್ಚಿರುವುದು ವ್ರತನಿಷ್ಠ ಮನೆಗಳಲ್ಲೇ. ಈ ಕಾಯಿಲೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದಕ್ಕೆ ಗುಟ್ಟೇ ದೊಡ್ಡ ಕಾರಣ.

ಆಸ್ಟ್ರೇಲಿಯಾದ ಬೆಟ್ಟದೂರಿನಲ್ಲಿ

ಈ ಕಾಯಿಲೆಯನ್ನು ಮೊದಲು ಸ್ಪಷ್ಟವಾಗಿ ವಿವರಿಸಿದ್ದು ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು. ಅಡಿಲೇಡ್ ನಗರದ ಪೂರ್ವಕ್ಕಿರುವ ಅಡಿಲೇಡ್ ಹಿಲ್ಸ್ ಪ್ರದೇಶದಲ್ಲಿ ಡಾ. ಅಲೆನ್ ಮತ್ತು ಸಹೋದ್ಯೋಗಿಗಳು ಒಂದು ವಿಚಿತ್ರ ಹೊಂದಾಣಿಕೆಯನ್ನು ಗಮನಿಸಿದರು. ಬಿಟ್ಟು ಬಿಟ್ಟು ಬರುವ ತೀವ್ರ ವಾಂತಿಯ ರೋಗಿಗಳಲ್ಲಿ ಹಲವರು ಬಹುಕಾಲದ ಗಾಂಜಾ ಸೇವಕರಾಗಿದ್ದರು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1987ರಿಂದಲೇ ಸಣ್ಣ ಪ್ರಮಾಣದ ಗಾಂಜಾಕ್ಕೆ ಜೈಲಿನ ಬದಲು ದಂಡ ಕಟ್ಟಿ ಮುಗಿಸುವ ವ್ಯವಸ್ಥೆ ಬಂದಿತ್ತು. ಬಳಕೆ ಅಲ್ಲಿ ಅಪರೂಪವಾಗಿರಲಿಲ್ಲ.

ಇಂತಹ 19 ಮಂದಿಯನ್ನು ಅವರು ಗುರುತಿಸಿದರು. ಐವರು ಅಧ್ಯಯನಕ್ಕೆ ಒಪ್ಪಲಿಲ್ಲ, ಇನ್ನೈವರಲ್ಲಿ ಬೇರೆ ಕಾರಣಗಳೂ ಬೆರೆತಿದ್ದವು. ಉಳಿದ ಒಂಬತ್ತು ಮಂದಿಯ ಜೊತೆಗೆ, ಮಾನಸಿಕ ಕಾರಣದ ವಾಂತಿ ಎಂದು ಹಿಂದೆ ಪ್ರಕಟವಾಗಿದ್ದ ಒಂದು ಪ್ರಕರಣವನ್ನೂ ಸೇರಿಸಿ ಹತ್ತು ಮಂದಿಯ ವಿವರವನ್ನು 2004ರಲ್ಲಿ 'ಗಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹತ್ತೂ ಮಂದಿಯಲ್ಲಿ ಗಾಂಜಾ ಅಭ್ಯಾಸ ಮೊದಲು, ವಾಂತಿ ಆಮೇಲೆ. ಎಲ್ಲರಿಗೂ ಗಾಂಜಾ ಬಿಡುವಂತೆ ಸಲಹೆ ನೀಡಿ, ಮೂತ್ರ ಪರೀಕ್ಷೆ ಮಾಡುತ್ತ ಅವರನ್ನು ಹಿಂಬಾಲಿಸಲಾಯಿತು. ಬಿಟ್ಟ ಏಳು ಮಂದಿಗೆ ವಾಂತಿಯೂ ನಿಂತಿತು, ಬಿಡದ ಮೂವರಿಗೆ ಮುಂದುವರಿಯಿತು. ಅತ್ಯಂತ ಮುಖ್ಯ ಸಾಕ್ಷ್ಯ ಬಂದದ್ದು ಇನ್ನೊಂದು ಕಡೆಯಿಂದ. ಗುಣವಾದ ಮೇಲೆ ಮೂವರು ತಾವಾಗಿಯೇ ಮತ್ತೆ ಗಾಂಜಾ ಸೇದಿದರು, ಮೂವರಿಗೂ ಕಾಯಿಲೆ ಮರಳಿತು. ಅವರಲ್ಲಿ ಇಬ್ಬರು ಪುನಃ ಬಿಟ್ಟು ಪುನಃ ಗುಣವಾದರು.

ಬಿಸಿನೀರಿನ ವಿಚಾರವನ್ನು ಮೊದಲು ದಾಖಲಿಸಿದ್ದೂ ಇದೇ ವರದಿ. ಹತ್ತರಲ್ಲಿ ಒಂಬತ್ತು ಮಂದಿ ಅಸಹಜ ಎನ್ನುವಷ್ಟು ಬಿಸಿನೀರಿನ ಸ್ನಾನಕ್ಕೆ ಮೊರೆ ಹೋಗುತ್ತಿದ್ದರು. ಆವರೆಗೆ ಇದನ್ನು ಮನಸ್ಸಿನ ಗೀಳು ಎಂದು ತಿಳಿಯುವ ಸಾಧ್ಯತೆಯೇ ಹೆಚ್ಚಿತ್ತು. ನೀರು ಬಿಸಿಯಾದಷ್ಟೂ ವಾಕರಿಕೆ ಇಳಿಯುತ್ತದೆ, ಆರಿದರೆ ಮತ್ತೆ ಏರುತ್ತದೆ ಎಂಬುದು ರೋಗಿಗಳು ತಾವೇ ಕಂಡುಕೊಂಡ ಉಪಾಯ. ಯಾರೂ ಅವರಿಗೆ ಕಲಿಸಿಕೊಟ್ಟದ್ದಲ್ಲ, ಒಬ್ಬರನ್ನೊಬ್ಬರು ನೋಡಿ ಕಲಿತದ್ದೂ ಅಲ್ಲ.

ಮುಂದೆ ಅಮೆರಿಕದ ಮೇಯೊ ಕ್ಲಿನಿಕ್ 2012ರಲ್ಲಿ 98 ರೋಗಿಗಳ ವಿವರ ಪ್ರಕಟಿಸಿತು. ಜೀರ್ಣಾಂಗ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣವಾದ ರೋಮ್ ಮಾನದಂಡದ ನಾಲ್ಕನೇ ಆವೃತ್ತಿ 2016ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿಕೊಂಡಿತು. ಪ್ರಕಟಿತ ಪ್ರಕರಣಗಳನ್ನೆಲ್ಲ ಒಟ್ಟುಗೂಡಿಸಿದ 2017ರ ಒಂದು ಪರಾಮರ್ಶೆಯ ಪ್ರಕಾರ ರೋಗಿಗಳೆಲ್ಲರೂ 50 ವರ್ಷದೊಳಗಿನವರು. ಸುಮಾರು 73% ಪುರುಷರು, 85% ಮಂದಿಗೆ ಹೊಟ್ಟೆನೋವು, 92% ಮಂದಿಗೆ ಬಿಸಿನೀರಿನಿಂದ ಉಪಶಮನ. 97% ಮಂದಿ ವಾರಕ್ಕೊಮ್ಮೆಯಾದರೂ ಗಾಂಜಾ ಬಳಸುತ್ತಿದ್ದರು. ಪುರುಷರು ಹೆಚ್ಚು ಎಂದಮಾತ್ರಕ್ಕೆ ಹೆಣ್ಣುಮಕ್ಕಳಿಗೆ ಬರುವುದಿಲ್ಲ ಎಂದಲ್ಲ.

ಕಾಯಿಲೆ ನಡೆಯುವ ಬಗೆ

ವಾಂತಿ ಒಂದೇ ದಿನ ಎರಗಿ ಬರುವುದಿಲ್ಲ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಒಂದು ಮುನ್ಸೂಚನೆಯ ಕಾಲ ಇರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಓಕರಿಕೆ, ಹೊಟ್ಟೆಯಲ್ಲಿ ತಳಮಳ, ಎಲ್ಲಿ ವಾಂತಿಯಾಗುತ್ತದೋ ಎಂಬ ಹೆದರಿಕೆ. ಊಟ ತಿಂಡಿ ಮಾತ್ರ ಹೆಚ್ಚುಕಡಿಮೆ ಎಂದಿನಂತೆಯೇ ನಡೆಯುತ್ತಿರುತ್ತದೆ. ಮನೆಯಲ್ಲಿ ಇದಕ್ಕೆ ಪಿತ್ತ ಎಂದೋ ಹಾಸ್ಟೆಲ್ ಊಟದ ಫಲ ಎಂದೋ ಹೆಸರು ಬೀಳುತ್ತದೆ. ಪರ್ಯುಷಣದ ದಿನಗಳಾಗಿದ್ದರೆ ಉಪವಾಸದ ಆಯಾಸ ಎಂದೂ ತಿಳಿಯಬಹುದು. ಜೀರಿಗೆ ನೀರು, ಒಣಶುಂಠಿ ಕಷಾಯ ನಡೆಯುತ್ತದೆ.

ಈ ಹಂತದಲ್ಲೇ ಕಾಯಿಲೆ ತನ್ನ ಅತಿ ದೊಡ್ಡ ಮೋಸ ಮಾಡುತ್ತದೆ. ಗಾಂಜಾ ವಾಕರಿಕೆಯನ್ನು ತಗ್ಗಿಸುತ್ತದೆ ಎಂಬ ಮಾತು ಬಳಸುವವರಿಗೆಲ್ಲ ಗೊತ್ತು, ಅದು ಸುಳ್ಳೂ ಅಲ್ಲ. ಗಾಂಜಾದ ಮತ್ತುಬರಿಸುವ ಅಂಶವಾದ ಟಿಎಚ್‌ಸಿಯನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ, ಡ್ರೊನಾಬಿನಾಲ್ ಎಂಬ ಹೆಸರಿನಲ್ಲಿ, ಕ್ಯಾನ್ಸರ್ ಕಿಮೋಥೆರಪಿಯಿಂದಾಗುವ ವಾಂತಿಗೆ ಔಷಧವಾಗಿ ಅಮೆರಿಕ 1985ರಲ್ಲಿ ಒಪ್ಪಿಕೊಂಡಿದೆ. ಹಾಗಾಗಿ ಬೆಳಗಿನ ಓಕರಿಕೆಗೆ ಯುವಕ ಕಂಡುಕೊಳ್ಳುವ ಪರಿಹಾರ ಇನ್ನೊಂದು ಸುತ್ತು ಗಾಂಜಾ. ಕಾಯಿಲೆ ಮುಂದಿನ ಹಂತಕ್ಕೆ ಹೋಗುವುದು ಹೀಗೆಯೇ.

ಎರಡನೆಯ ಹಂತದಲ್ಲಿ ವಾಂತಿ ತಡೆಯಿಲ್ಲದೆ ಬರುತ್ತದೆ, ಗಂಟೆಗೆ ನಾಲ್ಕೈದು ಬಾರಿಯೂ ಆದೀತು. ಹೊಟ್ಟೆ ಖಾಲಿಯಾದ ಮೇಲೂ ಒಣ ಓಕರಿಕೆ ನಿಲ್ಲುವುದಿಲ್ಲ. ತೂಕ ಇಳಿಯುತ್ತದೆ, ಬಾಯಿ ಒಣಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಬಿಸಿನೀರಿನ ಸ್ನಾನ ಇಲ್ಲಿ ಅಭ್ಯಾಸ ಅನ್ನುವುದಕ್ಕಿಂತ ಅನಿವಾರ್ಯತೆ ಆಗಿರುತ್ತದೆ. ಗೀಸರ್ ತಣ್ಣಗಾಗುವವರೆಗೂ ಹೊರಬರದವರು, ರಾತ್ರಿ ಎರಡು ಗಂಟೆಗೆ ಎದ್ದು ಮತ್ತೆ ಸ್ನಾನಕ್ಕೆ ಹೋಗುವವರು ಇದ್ದಾರೆ. ನೀರಿನ ಬಿಸಿಗೆ ಚರ್ಮ ಸುಟ್ಟುಕೊಂಡ ಪ್ರಕರಣಗಳೂ ವರದಿಯಾಗಿವೆ. ಬೆವರಿನಿಂದ ದೇಹದ ನೀರು ಇನ್ನಷ್ಟು ಹೋಗುತ್ತದೆ, ನೀರಿನ ಕೊರತೆ ಹೆಚ್ಚಿದಂತೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಈ ಹಂತ ಸಾಮಾನ್ಯವಾಗಿ ಒಂದೆರಡು ದಿನಗಳಿಂದ ಒಂದು ವಾರದವರೆಗೆ ಇರುತ್ತದೆ.

ಆಸ್ಪತ್ರೆಯಲ್ಲಿ ಮಲಗಿದಾಗ ಗಾಂಜಾ ಸಹಜವಾಗಿಯೇ ನಿಂತಿರುತ್ತದೆ. ಹೀಗಾಗಿ ಚೇತರಿಕೆ ಶುರುವಾಗುತ್ತದೆ, ಆದರೆ ಗುಣವಾದದ್ದು ಡ್ರಿಪ್ಪಿನಿಂದ ಎಂದು ಎಲ್ಲರೂ ನಂಬುತ್ತಾರೆ. ಮನೆಗೆ ಬಂದು ಮತ್ತೆ ಶುರು ಮಾಡಿದರೆ ಮೂರನೆಯ ಹಂತವಾದ ಈ ಚೇತರಿಕೆ ವಾರಗಳಲ್ಲೋ ತಿಂಗಳುಗಳಲ್ಲೋ ಮುಗಿದು ಚಕ್ರ ಮೊದಲಿನಿಂದ ತಿರುಗುತ್ತದೆ.

ವಾಂತಿ ತಡೆಯುವುದೇ ವಾಂತಿ ತರಿಸುವುದೇಕೆ

ಪೂರ್ಣ ಉತ್ತರ ವಿಜ್ಞಾನದ ಬಳಿ ಇನ್ನೂ ಇಲ್ಲ. ತಿಳಿದಿರುವಷ್ಟು ಹೀಗೆ: ಮಿದುಳಿನಲ್ಲೂ ಕರುಳಿನ ಗೋಡೆಯಲ್ಲೂ ಸಿಬಿ1 ಎಂಬ ಗ್ರಾಹಕಗಳಿವೆ. ದೇಹ ತಾನೇ ತಯಾರಿಸುವ, ಗಾಂಜಾದ ಅಂಶವನ್ನು ಹೋಲುವ ರಾಸಾಯನಿಕಗಳು ಇವುಗಳ ಮೂಲಕ ಹಸಿವು, ವಾಕರಿಕೆ, ಕರುಳಿನ ಚಲನೆಗಳನ್ನು ಹದದಲ್ಲಿಡುತ್ತವೆ. ಟಿಎಚ್‌ಸಿ ಇದೇ ಗ್ರಾಹಕಗಳ ಮೇಲೆ ಕುಳಿತುಕೊಳ್ಳುತ್ತದೆ. ಸ್ವಲ್ಪ ಪ್ರಮಾಣದಲ್ಲಿ, ಅಪರೂಪಕ್ಕೆ ಇದ್ದಾಗ ಮಿದುಳಿನ ಮೇಲಿನ ಅದರ ಪರಿಣಾಮ ವಾಂತಿಯನ್ನು ತಡೆಯುತ್ತದೆ. ವರ್ಷಗಟ್ಟಲೆ ಪ್ರತಿದಿನ ಬೀಳುತ್ತಿದ್ದರೆ ಗ್ರಾಹಕಗಳು ಮಂದವಾಗುತ್ತವೆ, ಹೊಟ್ಟೆ ಖಾಲಿಯಾಗುವ ಗತಿಯೂ ಏರುಪೇರಾಗುತ್ತದೆ ಎಂಬುದು ಸದ್ಯ ಹೆಚ್ಚು ಮಂದಿ ಒಪ್ಪುವ ವಿವರಣೆ.

ಬಿಸಿನೀರಿನ ವಿಷಯದಲ್ಲಿ ಸುಳಿವು ಇನ್ನೂ ಸ್ವಾರಸ್ಯಕರ. ಚರ್ಮದ ನರಗಳಲ್ಲಿ ಟಿಆರ್‌ಪಿವಿ1 ಎಂಬ ಇನ್ನೊಂದು ಗ್ರಾಹಕವಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಅದು ಎಚ್ಚರಗೊಳ್ಳುತ್ತದೆ, ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್‌ಗೂ ಅದೇ ರೀತಿ ಸ್ಪಂದಿಸುತ್ತದೆ. ಖಾರ ತಿಂದಾಗ ನಾಲಿಗೆ ಸುಟ್ಟಂತಾಗುವುದು ಇದರಿಂದಲೇ. ವಾಕರಿಕೆಯನ್ನು ಹದದಲ್ಲಿಡುವ ಕೆಲಸದಲ್ಲಿ ಈ ಗ್ರಾಹಕಕ್ಕೂ ಪಾತ್ರವಿದೆ ಎಂದು ಭಾವಿಸಲಾಗಿದೆ. ಅದಕ್ಕೇ ಕೆಲವು ಆಸ್ಪತ್ರೆಗಳಲ್ಲಿ ಈ ರೋಗಿಗಳ ಹೊಟ್ಟೆಯ ಮೇಲೆ ಕ್ಯಾಪ್ಸೈಸಿನ್ ಕ್ರೀಮ್ ಹಚ್ಚುತ್ತಾರೆ, ಹಲವರಿಗೆ ಉಪಶಮನವೂ ಸಿಗುತ್ತದೆ. ಇದನ್ನು ಓದಿ ಮನೆಯಲ್ಲಿ ಮೆಣಸಿನಪುಡಿ ಕಲಸಿ ಹಚ್ಚುವ ಸಾಹಸಕ್ಕೆ ಯಾರೂ ಹೋಗಬಾರದು. ಕ್ರೀಮಿನಲ್ಲಿ ಖಾರದ ಅಂಶ ಶೇಕಡ 0.1 ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ.

ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು, ಮೈಯ ಕೊಬ್ಬಿನಲ್ಲಿ ಶೇಖರವಾಗಿ ನಿಧಾನವಾಗಿ ಹೊರಬರುತ್ತದೆ. ನಿತ್ಯ ಬಳಸುವವರ ಮೂತ್ರದಲ್ಲಿ, ಬಿಟ್ಟು ಕೆಲವು ವಾರಗಳಾದರೂ ಅದರ ಕುರುಹು ಸಿಗುವುದು ಇದರಿಂದಲೇ. ಇಲಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಆಹಾರ ತಡೆಹಿಡಿದಾಗ ಕೊಬ್ಬಿನಲ್ಲಿದ್ದ ಟಿಎಚ್‌ಸಿ ರಕ್ತಕ್ಕೆ ಮರಳಿದ್ದು ಕಂಡುಬಂದಿತ್ತು. ಮನುಷ್ಯರ ಉಪವಾಸಕ್ಕೂ ಈ ವಾಂತಿಗೂ ನೇರ ಸಂಬಂಧವಿದೆ ಎಂದು ಇದರಿಂದ ಹೇಳಲಾಗದು. ಆದರೂ ಈ ಕಾಯಿಲೆಯಿಂದ ಈಗಷ್ಟೇ ಚೇತರಿಸಿಕೊಂಡವರು ಅಠಾಯಿಯಂತಹ ದೀರ್ಘ ಉಪವಾಸಕ್ಕೆ ಕೂರುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು. ಲವಣಾಂಶ ಕುಸಿದ ದೇಹಕ್ಕೆ ಉಪವಾಸ ಬೇರೆ ಕಾರಣಗಳಿಗೂ ಅಪಾಯಕಾರಿ.

ಈಗ ಹೆಚ್ಚುತ್ತಿರುವುದೇಕೆ

ಗಾಂಜಾ ಹಳೆಯದು, ಕಾಯಿಲೆ ಹೊಸದು. ಇದಕ್ಕೆ ಬಲವಾದ ಒಂದು ಕಾರಣ ಗಾಂಜಾದ ತೀಕ್ಷ್ಣತೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾಲಿನಲ್ಲಿ ಟಿಎಚ್‌ಸಿ ಸರಾಸರಿ 1995ರಲ್ಲಿ ಸುಮಾರು 4% ಇದ್ದದ್ದು 2014ರ ಹೊತ್ತಿಗೆ ಸುಮಾರು 12% ಆಗಿತ್ತು. ವೇಪ್ ಮತ್ತು ಡ್ಯಾಬ್‌ಗಳಲ್ಲಿ ಬಳಸುವ ಸಾರದಲ್ಲಿ ಅದು ಇನ್ನೂ ಎಷ್ಟೋ ಪಟ್ಟು ಹೆಚ್ಚು. ಕೊಲರಾಡೊ ರಾಜ್ಯದಲ್ಲಿ 2009ರಲ್ಲಿ ವೈದ್ಯಕೀಯ ಗಾಂಜಾ ನಿಯಮ ಸಡಿಲವಾದ ನಂತರ ಎರಡು ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಚಕ್ರಾಕಾರದ ವಾಂತಿಯ ರೋಗಿಗಳ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 2014 ಮತ್ತು 2021ರ ನಡುವೆ ಈ ಕಾಯಿಲೆಯ ತುರ್ತು ಭೇಟಿಗಳು 13 ಪಟ್ಟು ಏರಿದವು. ಕನ್ನಡದ ಎಷ್ಟೋ ಕುಟುಂಬಗಳ ಮಕ್ಕಳು ಓದುತ್ತಿರುವ ಟೊರಾಂಟೊ, ವಾಟರ್‌ಲೂ ಇರುವುದು ಅದೇ ಪ್ರಾಂತದಲ್ಲಿ.

ಭಾರತದಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನವರಲ್ಲಿ 2.8%, ಅಂದರೆ ಸುಮಾರು 3.1 ಕೋಟಿ ಜನ, ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂವಿನ ತೆನೆ, ಎಲೆಯಿಂದಾಗುವ ಭಂಗಿ ಆ ವ್ಯಾಖ್ಯೆಯಲ್ಲಿಲ್ಲ. ಹೊಟ್ಟೆಗೆ ಈ ಭೇದ ತಿಳಿಯದು. ಎಲೆ, ಹೂವು, ರಾಳ, ಎಣ್ಣೆ, ವಿದೇಶದ ಅಂಗಡಿಯ ಚಾಕೊಲೇಟು, ವಿಜಯಾ ಎಂಬ ಹೆಸರಿನಲ್ಲಿ ಮಾರುವ ಆಯುರ್ವೇದ ಉತ್ಪನ್ನ, ಎಲ್ಲದರಲ್ಲೂ ಟಿಎಚ್‌ಸಿ ಇರಬಹುದು. ವೈದ್ಯರು ಕೇಳಿದಾಗ ಎಲ್ಲವನ್ನೂ ಹೇಳಬೇಕು.

ಗಿಡದಿಂದ ಬಂದದ್ದು, ಹೆಂಡವಲ್ಲ, ಹಿಂಸೆಯಿಲ್ಲ ಎಂಬ ವಾದ ಜೈನ ಯುವಕರ ನಡುವೆಯೂ ಕೇಳಿಬರುತ್ತದೆ. ಗಮ್ಮಿಯ ಪೊಟ್ಟಣ ತಿರುಗಿಸಿ ಜೆಲಟಿನ್ ಇದೆಯೇ ಎಂದು ನೋಡುವ ಎಚ್ಚರ ಇರುತ್ತದೆ, ಒಳಗಿನ ಮತ್ತಿನ ಬಗ್ಗೆ ಇರುವುದಿಲ್ಲ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯವನ್ನು ಬಿಡಬೇಕೆನ್ನಲು ಕೊಟ್ಟಿರುವ ಕಾರಣ ಪ್ರಮಾದ, ಅಂದರೆ ಎಚ್ಚರ ತಪ್ಪುವಿಕೆ. ಜೀವಹಿಂಸೆಯ ದೋಷವಿಲ್ಲದಿದ್ದರೂ ದೇಹಕ್ಕೆ ಅನಿಷ್ಟವಾದದ್ದನ್ನು ಬಿಡಬೇಕು ಎಂಬ ಮಾತೂ ಅದೇ ಗ್ರಂಥದ ಭೋಗೋಪಭೋಗ ಪರಿಮಾಣದ ಭಾಗದಲ್ಲಿದೆ. ಮಗನೊಡನೆ ಈ ವಾದಕ್ಕೆ ಕೂರುವ ತಂದೆಗೆ ಇದು ಉಪಯೋಗಕ್ಕೆ ಬಂದೀತು. ಆದರೆ ವಾಂತಿಯ ನಡುವೆ ಕೂರುವ ವಾದ ಇದಲ್ಲ.

ಪತ್ತೆಯಾಗದೆ ಉಳಿಯುವುದು

ಈ ಕಾಯಿಲೆಯನ್ನು ತೋರಿಸಿಕೊಡುವ ಯಾವ ರಕ್ತಪರೀಕ್ಷೆಯೂ ಇಲ್ಲ, ಯಾವ ಸ್ಕ್ಯಾನೂ ಇಲ್ಲ. ಮೂತ್ರದಲ್ಲಿ ಗಾಂಜಾದ ಕುರುಹು ಸಿಕ್ಕರೆ ಬಳಕೆ ಖಚಿತವಾಗುತ್ತದೆ ಅಷ್ಟೆ, ವಾಂತಿಗೆ ಅದೇ ಕಾರಣ ಎಂದಾಗುವುದಿಲ್ಲ. ರೋಗನಿರ್ಣಯ ನಿಲ್ಲುವುದು ರೋಗಿಯ ಬಾಯಿಂದ ಬರುವ ಇತಿಹಾಸದ ಮೇಲೆ. ಭಾರತದ ಆಸ್ಪತ್ರೆಗಳಲ್ಲಿ ಆ ಇತಿಹಾಸವನ್ನು ಹೇಳುವವರು ಹೆಚ್ಚಾಗಿ ತಂದೆ ತಾಯಿ. ಇಪ್ಪತ್ತೆರಡರ ಮಗ ಮಂಚದ ಮೇಲೆ, ಪಕ್ಕದಲ್ಲಿ ಅಪ್ಪ, ಅಮ್ಮ, ದೊಡ್ಡಪ್ಪ. ವೈದ್ಯರು ಕೇಳುತ್ತಾರೆ, ಅಭ್ಯಾಸಗಳೇನಾದರೂ ಇವೆಯೇ? ಮಗ ಬಾಯಿ ತೆರೆಯುವ ಮೊದಲೇ ಅಮ್ಮನ ಉತ್ತರ ಬರುತ್ತದೆ, ನಮ್ಮ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ ಡಾಕ್ಟ್ರೇ. ಆಮೇಲೆ ಮಗ ಏನು ಹೇಳಿಯಾನು?

ಆ ಒಂದು ಉತ್ತರದ ಬೆಲೆ ಸಣ್ಣದಲ್ಲ. ಒಂದರ ಮೇಲೊಂದು ಎಂಡೋಸ್ಕೋಪಿ, ಸಿಟಿ ಸ್ಕ್ಯಾನ್, ತಿಂಗಳುಗಟ್ಟಲೆ ಆ್ಯಸಿಡಿಟಿ ಮಾತ್ರೆ. ಕೆಲವರಲ್ಲಿ ಬೇಡದಿದ್ದ ಪಿತ್ತಕೋಶದ ಶಸ್ತ್ರಚಿಕಿತ್ಸೆಯೂ ನಡೆದುಹೋಗಿದೆ. ಇದಕ್ಕೆ ಮಾಡಬಹುದಾದ ಕೆಲಸ ಸರಳ. ವೈದ್ಯರು ಮಗನೊಂದಿಗೆ ಒಬ್ಬನೇ ಹತ್ತು ನಿಮಿಷ ಮಾತಾಡಲಿ ಎಂದು ತಂದೆ ತಾಯಿಯೇ ಹೇಳಿ ಹೊರಗೆ ಹೋಗಬೇಕು. ಬಿಸಿನೀರಿನ ಸ್ನಾನದ ಸಂಗತಿಯನ್ನು ಹೋಗುವ ಮುನ್ನ ತಿಳಿಸಿ ಹೋಗಬೇಕು. ಚಿಕಿತ್ಸೆಗಾಗಿ ಹೇಳಿದ್ದು ಪೊಲೀಸರಿಗೆ ಹೋದೀತೆಂಬ ಭಯ ಹಲವರಿಗಿದೆ. ರೋಗಿಯ ಗುಟ್ಟು ಕಾಯುವುದು ವೈದ್ಯರ ವೃತ್ತಿಧರ್ಮ, ಮಾದಕವ್ಯಸನದ ಮಾನಸಿಕ ಚಿಕಿತ್ಸೆಯಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಗೋಪ್ಯತೆಯ ಹಕ್ಕು ಕೊಟ್ಟಿದೆ. ಗಾಂಜಾ ಸೇವನೆ ಭಾರತದಲ್ಲಿ ಅಪರಾಧವೇ ಹೌದು. ಆದರೆ ವ್ಯಸನಿಯು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣದಲ್ಲಿ ವಿಚಾರಣೆಯಿಂದ ರಕ್ಷಣೆ ನೀಡುವ 64ಎ ಎಂಬ ವಿಧಿ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ. ಇದು ಬಹಳ ಮಂದಿಗೆ ತಿಳಿದಿಲ್ಲ.

ಇದಕ್ಕೆ ವಿರುದ್ಧದ ತಪ್ಪೂ ಆಗಬಾರದು. ಗಾಂಜಾ ಸೇದುವವನಿಗೆ ಬಂದ ವಾಂತಿಯೆಲ್ಲ ಗಾಂಜಾದಿಂದಲೇ ಬರುವುದಿಲ್ಲ. ಅಪೆಂಡಿಸೈಟಿಸ್, ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ, ಕರುಳಿನ ಅಡಚಣೆ, ಸಕ್ಕರೆ ಕಾಯಿಲೆಯ ತುರ್ತುಸ್ಥಿತಿ, ಮಿದುಳಿನ ಒತ್ತಡ, ಹೆಣ್ಣುಮಕ್ಕಳಲ್ಲಿ ಗರ್ಭಧಾರಣೆ, ಇವನ್ನೆಲ್ಲ ಮೊದಲು ನೋಡಬೇಕು. ಗಾಂಜಾದ ಸಂಬಂಧವೇ ಇಲ್ಲದ, ಮೈಗ್ರೇನಿನ ನಂಟಿರುವ ಚಕ್ರಾಕಾರದ ವಾಂತಿ ಎಂಬ ಕಾಯಿಲೆಯೂ ಇದೆ. ಆ ರೋಗಿಗಳಲ್ಲೂ ಅನೇಕರಿಗೆ ಬಿಸಿನೀರು ಹಿತ ಕೊಡುತ್ತದೆ. ಆದ್ದರಿಂದ ಬಿಸಿನೀರು ಸುಳಿವು ಮಾತ್ರ, ತೀರ್ಪಲ್ಲ. ವಾಂತಿಯಲ್ಲಿ ರಕ್ತ, ಜ್ವರ, ಮುಟ್ಟಿದರೆ ಗಟ್ಟಿಯಾದ ಹೊಟ್ಟೆ, ತೀವ್ರ ತಲೆನೋವು, ವಾಂತಿಯ ನಂತರ ಎದೆನೋವು, ಏಳೆಂಟು ಗಂಟೆ ಮೂತ್ರವೇ ಬಾರದಿರುವುದು, ಮಾತು ತೊದಲುವುದು ಅಥವಾ ಮಂಪರು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯಬಾರದು. ಈ ಕಾಯಿಲೆಯಿಂದ ಸಾವುಗಳೂ ವರದಿಯಾಗಿವೆ. ನೀರು, ಸೋಡಿಯಂ, ಪೊಟ್ಯಾಸಿಯಂ ಕುಸಿದರೆ ಮೂತ್ರಪಿಂಡ ಕೈಕೊಡಬಹುದು, ಹೃದಯದ ಬಡಿತ ತಪ್ಪಬಹುದು.

ಆಸ್ಪತ್ರೆಯಲ್ಲಿ, ಮನೆಯಲ್ಲಿ

ಆಸ್ಪತ್ರೆಯ ಮೊದಲ ಕೆಲಸ ರಕ್ತನಾಳದ ಮೂಲಕ ದ್ರವ ಮತ್ತು ಲವಣ ತುಂಬುವುದು. ವಾಂತಿಗೆ ಎಲ್ಲೆಡೆ ಕೊಡುವ ಆಂಡಾನ್ಸೆಟ್ರಾನ್ ಈ ಕಾಯಿಲೆಯಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಹಾಗಾದದ್ದೇ ಎಷ್ಟೋ ಸಲ ವೈದ್ಯರಿಗೆ ಅನುಮಾನ ಹುಟ್ಟಿಸುತ್ತದೆ. ಕೆನಡಾದಲ್ಲಿ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ಹ್ಯಾಲೊಪೆರಿಡಾಲ್ ಅದಕ್ಕಿಂತ ಉತ್ತಮ ಫಲ ಕೊಟ್ಟಿತು. ಅದು ಮಾನಸಿಕ ಚಿಕಿತ್ಸೆಯಲ್ಲಿ ಬಳಸುವ ಔಷಧ, ಹೆಸರು ನೋಡಿ ಮನೆಯವರು ಗಾಬರಿಯಾಗಬೇಕಿಲ್ಲ. ಹೊಟ್ಟೆನೋವಿಗೆಂದು ಅಫೀಮು ವರ್ಗದ ನೋವುನಿವಾರಕ ಕೊಡುವುದನ್ನು ತಜ್ಞರು ಬೇಡವೆನ್ನುತ್ತಾರೆ. ಅದು ವಾಕರಿಕೆಯನ್ನು ಹೆಚ್ಚಿಸುತ್ತದೆ, ಇನ್ನೊಂದು ಚಟಕ್ಕೂ ದಾರಿಯಾಗಬಹುದು.

ಸ್ವಲ್ಪ ಸ್ವಲ್ಪ ನಿಲ್ಲತೊಡಗಿದ ಮೇಲೆ ಮನೆಯಲ್ಲಿ ಓಆರ್‌ಎಸ್ ಕೊಡಬಹುದು. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರು, ಸಾಮಾನ್ಯವಾಗಿ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್, ಕಾಯಿಸಿ ಆರಿಸಿದ್ದು. ಬರಿಯ ನೀರನ್ನೇ ಮೇಲಿಂದ ಮೇಲೆ ಕುಡಿಸಿದರೆ ಸೋಡಿಯಂ ಇನ್ನೂ ಇಳಿಯುತ್ತದೆ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ನಿಯಮವಿರುವ ಮನೆಗಳಲ್ಲಿ ಇಲ್ಲಿ ತೊಡಕು ಬರುತ್ತದೆ. ಪಚ್ಚಖಾಣದ ಪಾಠದಲ್ಲೇ ಅನಾರೋಗ್ಯದಂತಹ ಸಂದರ್ಭಕ್ಕೆ ಆಗಾರ ಎಂಬ ವಿನಾಯಿತಿಗಳನ್ನು ಹೇಳಿರುವುದು ಶ್ವೇತಾಂಬರ ಶ್ರಾವಕರಿಗೆ ತಿಳಿದದ್ದೇ. ಗಂಟೆಗೆ ನಾಲ್ಕು ಬಾರಿ ವಾಂತಿಯಾಗುತ್ತಿರುವವನಿಗೆ ರಾತ್ರಿಯಿಡೀ ದ್ರವ ತಪ್ಪಿಸಿದರೆ ಬೆಳಿಗ್ಗೆ ಹೊತ್ತಿಗೆ ಮೂತ್ರಪಿಂಡ ಕೆಟ್ಟಿರಬಹುದು. ಪ್ರಾಯಶ್ಚಿತ್ತದ ವಿಚಾರವನ್ನು ಗುಣವಾದ ಮೇಲೆ ಗುರುಗಳಲ್ಲಿ ಕೇಳಬಹುದು.

ಕಾಯಿಲೆಗೆ ಶಾಶ್ವತ ಪರಿಹಾರ ಒಂದೇ, ಗಾಂಜಾವನ್ನು ಪೂರ್ತಿ ಬಿಡುವುದು. ಕಡಿಮೆ ಮಾಡುತ್ತೇನೆ, ವಾರಾಂತ್ಯಕ್ಕೆ ಮಾತ್ರ ಎಂಬ ಒಪ್ಪಂದ ಇಲ್ಲಿ ನಡೆಯುವುದಿಲ್ಲ, ಅಡಿಲೇಡಿನ ಮೂವರಿಗೆ ಆದದ್ದು ಅದೇ. ಬಿಟ್ಟ ಮೊದಲ ಒಂದೆರಡು ವಾರ ಕಷ್ಟದ್ದು. ಸಿಡುಕು, ನಿದ್ರೆಗೇಡು, ಹಸಿವಿಲ್ಲದಿರುವುದು, ಕೆಟ್ಟ ಕನಸು, ಸ್ವಲ್ಪ ಓಕರಿಕೆಯೂ ಇರಬಹುದು. ನೋಡಿ, ಬಿಟ್ಟರೂ ವಾಂತಿ ಬರುತ್ತಿದೆ ಎಂದು ಮಗ ಹೇಳುವುದು ಈ ವಾರದಲ್ಲೇ, ಮನೆಯವರು ಗಟ್ಟಿಯಾಗಿ ನಿಲ್ಲಬೇಕಾದದ್ದೂ ಈ ವಾರದಲ್ಲೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ದೇಶದ ಎಲ್ಲಿಂದಲಾದರೂ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹೇಳಿದ ಮಗನಿಗೆ ಮನೆಯಲ್ಲಿ ಸಿಗುವ ಪ್ರತಿಕ್ರಿಯೆಯ ಮೇಲೆ ಬಹಳ ನಿಂತಿದೆ. ತತ್ವಾರ್ಥ ಸೂತ್ರ ಎಣಿಸುವ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಆದದ್ದನ್ನು ಮುಚ್ಚಿಡದೆ ಗುರುವಿನ ಮುಂದೆ ಹೇಳಿಕೊಳ್ಳುವುದು. ಹೇಳಿಕೊಂಡವನನ್ನು ಬಸದಿಯ ಮಂದಿಯ ಮುಂದೆ ನಿಲ್ಲಿಸುವ ಕ್ರಮ ಅದರಲ್ಲಿಲ್ಲ. ನೆಂಟರಿಗೆ ಗ್ಯಾಸ್ಟ್ರಿಕ್ ಎಂದು ಹೇಳಿದರೆ ನಷ್ಟವೇನೂ ಇಲ್ಲ, ವೈದ್ಯರಿಗೆ ಹಾಗೆ ಹೇಳಿದರೆ ಇದೆ.

ಬಿಟ್ಟ ಮೇಲೆ ಗುಣವಾಯಿತೆಂದು ಯಾವಾಗ ಹೇಳಬಹುದು? ತಜ್ಞರು ಕೇಳುವ ಅವಧಿ ಕನಿಷ್ಠ ಆರು ತಿಂಗಳು, ಅಥವಾ ಹಿಂದೆ ವಾಂತಿ ಬರುತ್ತಿದ್ದ ಅಂತರದ ಮೂರು ಪಟ್ಟು. ಎರಡು ತಿಂಗಳಿಗೊಮ್ಮೆ ಬರುತ್ತಿದ್ದರೆ ಆರು ತಿಂಗಳು, ನಾಲ್ಕು ತಿಂಗಳಿಗೊಮ್ಮೆ ಬರುತ್ತಿದ್ದರೆ ಒಂದು ವರ್ಷ. ಅಷ್ಟು ಕಾಲ ಗಾಂಜಾ ಇಲ್ಲದೆಯೂ ವಾಂತಿ ಮರಳಿದರೆ ಕಾರಣ ಬೇರೆ ಇದೆ ಎಂದರ್ಥ, ಹುಡುಕಾಟ ಮತ್ತೆ ಶುರುವಾಗಬೇಕು. ಹಿಂದಿನ ವಾಂತಿಗಳ ದಿನಾಂಕ, ಎಷ್ಟು ದಿನ ಇದ್ದವು, ಎಲ್ಲಿ ದಾಖಲಾಗಿದ್ದು, ಯಾವ ಪರೀಕ್ಷೆಯಲ್ಲಿ ಏನು ಬಂತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಪ್ರತಿ ಭೇಟಿಗೂ ಒಯ್ದರೆ ಅದೇ ಎಂಡೋಸ್ಕೋಪಿಯನ್ನು ಮೂರನೆಯ ಬಾರಿ ಮಾಡಿಸುವುದು ತಪ್ಪುತ್ತದೆ.